ಅಗ್ಗದ ನೆಲೆಯನ್ನರಸಿ: ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ವಲಸೆಯ ಚರಿತ್ರೆ

ಮನುಷ್ಯನು ತಾನು ಹುಟ್ಟಿದ ನೆಲವನ್ನು ಸುಲಭವಾಗಿ ತೊರೆಯತಕ್ಕವನಲ್ಲ. ಉತ್ತ ಹೊಲ, ತೋಡಿದ ಬಾವಿ, ಹಿರಿಯರು ನೆಟ್ಟ ಮರ, ಕುಲದೇವತೆಯ ಗುಡಿ, ಇವೆಲ್ಲವೂ ಅವನನ್ನು ಊರಿಗೆ ಕಟ್ಟಿಹಾಕುತ್ತವೆ. ಹಾಗಿದ್ದರೂ ನಮ್ಮ ದೇಶದ ಚರಿತ್ರೆಯಲ್ಲಿ ವಲಸೆಯ ಮಾತು ಬಾರದ ಅಧ್ಯಾಯವೇ ಇಲ್ಲ. ಒಕ್ಕಲುಮಕ್ಕಳು ಹೋಗಿದ್ದಾರೆ, ನೇಕಾರರು ಹೋಗಿದ್ದಾರೆ, ವರ್ತಕರು ಹೋಗಿದ್ದಾರೆ, ಕಳೆದ ನೂರೈವತ್ತು ವರ್ಷಗಳಿಂದೀಚೆಗೆ ಗಿರಣಿಗಳೂ ಕಾರ್ಖಾನೆಗಳೂ ಒಂದು ಊರನ್ನು ಬಿಟ್ಟು ಇನ್ನೊಂದು ಊರಿಗೆ ಹೊರಟಿವೆ. ಏಕೆಂದು ಕೇಳಿದರೆ, ಅಲ್ಲಿ ಖರ್ಚು ಕಡಮೆ ಎಂಬ ಒಂದೇ ಉತ್ತರ ಬರುತ್ತದೆ. ನೀರು ತಗ್ಗಿನ ಕಡೆಗೆ ಹರಿಯುವಂತೆ ಉದ್ಯಮವು ಅಗ್ಗದ ಕಡೆಗೆ ಹರಿಯುತ್ತದೆ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ಒಂದು ಸೀಮೆಯು ಅಗ್ಗವಾಗುವುದು ಹೇಗೆ? ಆ ಅಗ್ಗದ ಬೆಲೆಯನ್ನು ತೆರುವವರು ಯಾರು? ಈ ಪ್ರಶ್ನೆಗಳನ್ನು ಕೇಳದೆ ಹೋದರೆ ಚರಿತ್ರೆಯನ್ನು ಅರ್ಧ ಮಾತ್ರ ಓದಿದಂತಾಗುತ್ತದೆ.

ಇದಕ್ಕೆ ಉತ್ತರವನ್ನು ದೂರದ ದೇಶಗಳಲ್ಲಿ ಅರಸಬೇಕಾಗಿಲ್ಲ. ತಮಿಳುನಾಡಿನ ಪಶ್ಚಿಮದ ಅಂಚಿನಲ್ಲಿ, ಕೇರಳದ ಏಲಕ್ಕಿ ಮಲೆಗಳಿಗೆ ತಾಗಿಕೊಂಡು, ಕಂಬಂ ಕಣಿವೆಯೆಂಬ ಸುಂದರವಾದ ಪ್ರದೇಶವಿದೆ. ಗೂಡಲೂರು, ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರು ಎಂಬ ಊರುಗಳು ಸಾಲಾಗಿ ಈ ಕಣಿವೆಯಲ್ಲಿವೆ. ಅದರ ಬಾಯಿಗೆ ಸಮೀಪವಾಗಿ ತೇನಿಯೂ, ಪಕ್ಕದ ಮಲೆಯ ಬುಡದಲ್ಲಿ ಬೋಡಿನಾಯಕನೂರೂ ಇವೆ. ಅಲ್ಲಿಂದ ಈಶಾನ್ಯಕ್ಕೆ ಹೋದರೆ ದಿಂಡಿಗಲ್ ಸಿಗುತ್ತದೆ. ತಲೆದಿಂಬಿನಂತೆ ಮಲಗಿರುವ ಬೋಳುಬಂಡೆಯಿಂದ ಆ ಊರಿಗೆ ಹೆಸರು ಬಂತೆಂದು ಹೇಳುತ್ತಾರೆ. ತಮಿಳರ ‘ತಿಂಡು’ ನಮ್ಮ ‘ದಿಂಬು’ ಅಲ್ಲವೆ? ಈ ಸೀಮೆಯೆಲ್ಲವೂ ಹಿಂದೆ ಮಧುರೆ ಜಿಲ್ಲೆಗೆ ಸೇರಿತ್ತು. ದಿಂಡಿಗಲ್ 1985ರಲ್ಲಿಯೂ ತೇನಿ 1996ರಲ್ಲಿಯೂ ಬೇರೆ ಜಿಲ್ಲೆಗಳಾದವು. ಕನ್ನಡ ನಾಡಿನ ಗಡಿಯಿಂದ ಇಷ್ಟು ದೂರದಲ್ಲಿ, ಮನೆಯೊಳಗೆ ಕನ್ನಡವಾಡುವ ಸಾವಿರಾರು ಸಂಸಾರಗಳು ತಲೆತಲಾಂತರದಿಂದ ಇಲ್ಲಿ ಬಾಳುತ್ತಿವೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಈ ಸೀಮೆಯ ಚರಿತ್ರೆಯನ್ನು ಕ್ರಮವಾಗಿ ನೋಡುತ್ತ ಬಂದರೆ, ಅಗ್ಗವೆಂಬುದು ಮೂರು ಬಗೆಯೆಂದು ಸ್ಪಷ್ಟವಾಗುತ್ತದೆ. ಒಂದು, ಪ್ರಕೃತಿಯು ಕೊಟ್ಟ ಅಗ್ಗ: ಬರಿದಾಗಿ ಬಿದ್ದಿರುವ ಭೂಮಿ, ನೀರು, ಹುಲ್ಲುಗಾವಲು. ಎರಡು, ಸರಕಾರವು ಕಟ್ಟಿಕೊಟ್ಟ ಅಗ್ಗ: ಅಣೆಕಟ್ಟು, ರೈಲುದಾರಿ, ವಿದ್ಯುಚ್ಛಕ್ತಿ. ಮೂರು, ದುಡಿಯುವವನ ನಿಸ್ಸಹಾಯಕತೆಯಿಂದ ಹುಟ್ಟಿದ ಅಗ್ಗ. ಹೊರಗಿನಿಂದ ಬಂದ ಬಂಡವಾಳಗಾರನ ಲೆಕ್ಕದ ಪುಸ್ತಕದಲ್ಲಿ ಈ ಮೂರಕ್ಕೂ ಒಂದೇ ಅಂಕಣ. ಸೀಮೆಯ ಜನರ ಬಾಳಿನಲ್ಲಿ ಮಾತ್ರ ಅವುಗಳ ಫಲ ಬೇರೆ ಬೇರೆ.

ಮೊದಲನೆಯ ಬಗೆಯ ಅಗ್ಗವನ್ನರಸಿ ಬಂದವರಲ್ಲಿ ನಮ್ಮವರೂ ಸೇರಿದ್ದಾರೆ. ಕಂಬಂ ಕಣಿವೆಯ ಕಾಪ್ಪಿಲಿಯರೂ ಮಧುರೆ ಸೀಮೆಯ ಅನುಪ್ಪರೂ ಕನ್ನಡ ಮನೆಮಾತಿನ ಬೇಸಾಯಗಾರರು. ಕಾಪ್ಪಿಲಿಯರು ತಮ್ಮನ್ನು ಒಕ್ಕಲಿಗರೆಂದೇ ಕರೆದುಕೊಳ್ಳುತ್ತಾರೆ. ಉತ್ತರದ ಕನ್ನಡ ಸೀಮೆಯಲ್ಲಿ ಉಪದ್ರವ ಹೆಚ್ಚಾದಾಗ ಹೆಂಡಿರು ಮಕ್ಕಳು ದನಕರುಗಳೊಡನೆ ತಮ್ಮ ಹಿರಿಯರು ದಕ್ಷಿಣಕ್ಕೆ ನಡೆದರೆಂಬುದು ಇವರಲ್ಲಿ ಉಳಿದುಬಂದ ಐತಿಹ್ಯ. ಐತಿಹ್ಯದ ಪ್ರತಿಯೊಂದು ಮಾತನ್ನೂ ಚರಿತ್ರೆಯೆಂದು ಎಣಿಸಲಾಗದಿದ್ದರೂ, ಕಾಲದ ಸಂದರ್ಭ ಅದಕ್ಕೆ ಒಪ್ಪುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಕುಮಾರ ಕಂಪಣನು ಮಧುರೆಯನ್ನು ಗೆದ್ದ ಮೇಲೆಯೂ, ಹದಿನಾರನೆಯ ಶತಮಾನದಲ್ಲಿ ಮಧುರೆಯ ನಾಯಕರ ಆಳ್ವಿಕೆ ನೆಲೆಗೊಂಡ ಮೇಲೆಯೂ, ತೆಲುಗರೂ ಕನ್ನಡಿಗರೂ ತಂಡತಂಡವಾಗಿ ಈ ಕಡೆಗೆ ಬಂದು ನೆಲೆಸಿದರು.

ಬಂದವರಿಗೆ ಹಿಂದಿನ ಊರಿನ ಕಷ್ಟವೊಂದೇ ಕಾರಣವಾಗಿರಲಿಲ್ಲ. ಮುಂದಿನ ಊರಿನ ಆಸೆಯೂ ಇತ್ತು. ಪಾಳು ಬಿದ್ದ ಭೂಮಿಯಿಂದ ಅರಸನಿಗೆ ಕಂದಾಯ ಹುಟ್ಟುವುದಿಲ್ಲ. ಆದುದರಿಂದ ಕಾಡು ಕಡಿದು ಹೊಸದಾಗಿ ಸಾಗುವಳಿ ಮಾಡುವವರಿಗೂ, ಹೊಸದಾಗಿ ಬಂದು ಮಗ್ಗ ಹೂಡುವವರಿಗೂ ಮೊದಲ ಕೆಲವು ವರ್ಷ ತೆರಿಗೆಯಲ್ಲಿ ಮಾಫಿ ಅಥವಾ ರಿಯಾಯಿತಿ ಕೊಟ್ಟು ಕರೆಯುವ ಪದ್ಧತಿ ದಕ್ಷಿಣ ದೇಶದಲ್ಲೆಲ್ಲ ರೂಢಿಯಾಗಿತ್ತು. ಈ ಕಾಲದಲ್ಲಿ ಸರಕಾರಗಳು ಹೊಸ ಕಾರ್ಖಾನೆಗೆ ಹತ್ತು ವರ್ಷ ತೆರಿಗೆಯಿಲ್ಲವೆಂದು ಸಾರುವುದು ನವೀನವಾದ ಉಪಾಯವೇನೂ ಅಲ್ಲ. ದಿಂಡಿಗಲ್ಲಿಗೆ ಸಮೀಪದ ಚಿನ್ನಾಳಪಟ್ಟಿಯಲ್ಲಿ ದೇವಾಂಗ ನೇಕಾರರು ನೆಲೆಸಿ, ಆ ಊರಿನ ಸುಂಗುಡಿ ಸೀರೆಗೂ ಕೃತಕ ರೇಷ್ಮೆಯ ಸೀರೆಗೂ ಹೆಸರು ತಂದುಕೊಟ್ಟರು. ದೇವಾಂಗರಲ್ಲಿ ಕನ್ನಡದವರೂ ಉಂಟು, ತೆಲುಗಿನವರೂ ಉಂಟು. ನೇಕಾರನಿಗೆ ಬೇಕಾದುದು ಹತ್ತಿ ಬೆಳೆಯುವ ಎರೆಭೂಮಿಯ ನೆರೆ, ಬಣ್ಣಕ್ಕೆ ಒದಗುವ ನೀರು, ಕೈಗೆಟಕುವ ಸಂತೆ. ಇವು ಮೂರೂ ಮಧುರೆ ಸೀಮೆಯಲ್ಲಿದ್ದುವು.

ಹೀಗೆ ಬಂದವರು ಒಬ್ಬೊಬ್ಬರಾಗಿ ಬರಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಕುಲ, ಗುಡಿ, ಪಂಚಾಯಿತಿ, ದನದ ಮಂದೆ, ಇವೆಲ್ಲವನ್ನೂ ಕೂಡಿಕೊಂಡೇ ಬಂದರು. ಕಂಬಂ ಊರಿನ ಕಾಪ್ಪಿಲಿಯರಲ್ಲಿ ದೇವರಿಗೆ ಮೀಸಲಾದ ಒಂದು ಗೋವಿನ ಮಂದೆಯನ್ನು ಕಾಪಾಡುವ ಸಂಪ್ರದಾಯವುಂಟು. ಅದನ್ನು ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನ್ನುವರು. 1906ರಲ್ಲಿ ಪ್ರಕಟವಾದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿಯು, ಕನ್ನಡದಲ್ಲಿ ಇದಕ್ಕೆ ‘ದೇವರ ಆವು’ ಎಂಬ ಹೆಸರೆಂದು ಬರೆದಿಟ್ಟಿದ್ದಾನೆ. ನಮ್ಮ ಪಟ್ಟಣಗಳಲ್ಲಿ ‘ಆವು’ ಎಂಬ ಹಳೆಯ ಮಾತು ಕಾವ್ಯದ ಪುಸ್ತಕಗಳಲ್ಲಿ ಮಾತ್ರ ಉಳಿದಿದ್ದಾಗ, ಆ ದೂರದ ಕಣಿವೆಯ ದನಗಾಹಿಗಳ ಬಾಯಲ್ಲಿ ಅದು ಜೀವಂತವಾಗಿತ್ತು! ಲಿಪಿಯಿಲ್ಲದೆ, ಶಾಲೆಯಿಲ್ಲದೆ, ಗ್ರಂಥವಿಲ್ಲದೆ ಒಂದು ನುಡಿ ಇಷ್ಟು ಕಾಲ ಬಾಳಿದುದಕ್ಕೆ ಕಾರಣವಿಷ್ಟೆ: ಅದನ್ನಾಡುವವರು ಒಟ್ಟಾಗಿ ಬಂದರು, ಒಟ್ಟಾಗಿ ನೆಲೆಸಿದರು, ಸ್ವಂತ ಭೂಮಿಯ ಮೇಲೆ ಕಾಲೂರಿ ನಿಂತರು.

ದಿಂಡಿಗಲ್ಲಿಗೂ ಕನ್ನಡ ನಾಡಿಗೂ ರಾಜಕೀಯ ಸಂಬಂಧವೂ ಇತ್ತು. 1745ರಲ್ಲಿ ಮೈಸೂರಿನ ಸೈನ್ಯ ಈ ಕೋಟೆಯನ್ನು ವಶಪಡಿಸಿಕೊಂಡಿತು. 1755ರಲ್ಲಿ ಹೈದರಾಲಿಯು ಇಲ್ಲಿಗೆ ಫೌಜುದಾರನಾಗಿ ಬಂದು, ಫ್ರೆಂಚ್ ಕುಶಲಕರ್ಮಿಗಳ ಸಹಾಯದಿಂದ ಆಯುಧಶಾಲೆಯನ್ನು ಕಟ್ಟಿ, ತನ್ನ ಮುಂದಿನ ಭಾಗ್ಯಕ್ಕೆ ತಳಹದಿ ಹಾಕಿದನು. ಯುದ್ಧಗಳಲ್ಲಿ ಕೋಟೆ ಹಲವು ಸಲ ಕೈಬದಲಾಯಿಸಿ, ಕಡೆಗೆ 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಇಂಗ್ಲಿಷ್ ಕಂಪೆನಿಗೆ ಸೇರಿಹೋಯಿತು.

ಕಂಪೆನಿಯ ಆಡಳಿತ ಬಂದ ಮೇಲೆ ಎರಡನೆಯ ಬಗೆಯ ಅಗ್ಗಕ್ಕೆ ಕಾಲ ಕೂಡಿಬಂತು. 1875ರಲ್ಲಿ ರೈಲುದಾರಿ ದಿಂಡಿಗಲ್ಲಿನ ಮೂಲಕ ಮಧುರೆಗೆ ತಲಪಿತು. ಎತ್ತಿನ ಗಾಡಿಯಲ್ಲಿ ವಾರಗಟ್ಟಲೆ ಸಾಗುತ್ತಿದ್ದ ಸರಕು ದಿನದೊಳಗೆ ಸಾಗುವಂತಾಯಿತು. ಸುತ್ತಲ ಹಳ್ಳಿಗಳ ಹೊಗೆಸೊಪ್ಪಿಗೆ ಬೇಡಿಕೆ ಹುಟ್ಟಿ, ಮದ್ರಾಸಿನ ಸ್ಪೆನ್ಸರ್ ಕಂಪೆನಿಯು ದಿಂಡಿಗಲ್ಲಿನಲ್ಲಿ ಚುಟ್ಟದ ಕಾರ್ಖಾನೆಯನ್ನು ನಡೆಸಿತು. ದಿಂಡಿಗಲ್ಲಿನ ಚುಟ್ಟ ಸಮುದ್ರದಾಚೆಗೂ ಹೋಯಿತು. ಕಚ್ಚಾ ಸಾಮಗ್ರಿ ಬೆಳೆಯುವ ಸ್ಥಳದಲ್ಲಿಯೇ ತಯಾರಿಕೆಯೂ ನಡೆದರೆ ಸಾಗಾಟದ ಖರ್ಚು ಉಳಿಯುತ್ತದೆ ಎಂಬ ಸರಳವಾದ ತತ್ತ್ವವೇ ಇದಕ್ಕೆ ಕಾರಣ.

ಕಂಬಂ ಕಣಿವೆಯ ಭಾಗ್ಯವನ್ನು ಬದಲಾಯಿಸಿದುದು ರೈಲಲ್ಲ, ನೀರು. ಮಲೆಯ ಆಚೆಯ ತಿರುವಾಂಕೂರಿನಲ್ಲಿ ಮಳೆ ಧಾರಾಳವಾಗಿ ಸುರಿದು ನದಿಗಳು ಪಶ್ಚಿಮ ಸಮುದ್ರಕ್ಕೆ ಓಡುತ್ತವೆ. ಈಚೆಯ ಕಣಿವೆಯೂ ಮಧುರೆಯ ಬಯಲೂ ಮಳೆಯ ಮರೆಯಲ್ಲಿ ಬಾಯಾರಿ ನಿಂತಿರುತ್ತವೆ. 1876–78ರ ಮಹಾಕ್ಷಾಮದಲ್ಲಿ ಜನ ಪಟ್ಟ ಪಾಡನ್ನು ಕಂಡ ಮೇಲೆ, ಪೆರಿಯಾರ್ ನದಿಯನ್ನು ಮಲೆಯೊಳಗೆ ತಡೆದು ಪೂರ್ವಕ್ಕೆ ತಿರುಗಿಸುವ ಹಳೆಯ ಯೋಚನೆಗೆ ಚಾಲನೆ ದೊರೆಯಿತು. 1886ರಲ್ಲಿ ತಿರುವಾಂಕೂರು ಸಂಸ್ಥಾನದೊಡನೆ ಗುತ್ತಿಗೆ ಪತ್ರವಾಯಿತು: 8,000 ಎಕರೆ, ಎಕರೆಗೆ 5 ರೂಪಾಯಿಯಂತೆ ವರ್ಷಕ್ಕೆ 40,000 ರೂಪಾಯಿ ಬಾಡಿಗೆ, ಅವಧಿ 999 ವರ್ಷ! ಕರ್ನಲ್ ಪೆನ್ನಿಕ್ವಿಕ್ಕನ ಮೇಲ್ವಿಚಾರಣೆಯಲ್ಲಿ 1887ರಲ್ಲಿ ಪ್ರಾರಂಭವಾದ ಕೆಲಸ 1895ರಲ್ಲಿ ಮುಗಿಯಿತು. ಒಂದು ಮೈಲಿಗೂ ಮಿಕ್ಕ ಸುರಂಗದಲ್ಲಿ ಹರಿದು ಬಂದ ನೀರು ಕಂಬಂ ಕಣಿವೆಗೆ ಇಳಿದು ವೈಗೈ ನದಿಯನ್ನು ಸೇರಿತು. ಒಂದು ಬೆಳೆಗೆ ಕಣ್ಣು ಕಣ್ಣು ಬಿಡುತ್ತಿದ್ದ ಗದ್ದೆಗಳಲ್ಲಿ ಎರಡು ಬೆಳೆ ಬಂತು. ಇಂದಿಗೂ ಕಣಿವೆಯ ಹಳ್ಳಿಗಳಲ್ಲಿ ಪೆನ್ನಿಕ್ವಿಕ್ಕನ ಪಟವನ್ನು ಮನೆಗಳಲ್ಲಿ ತೂಗುಹಾಕಿರುವುದನ್ನು ಕಾಣಬಹುದು. ಗುತ್ತಿಗೆಯ ದರವನ್ನು 1970ರಲ್ಲಿ ಎಕರೆಗೆ 30 ರೂಪಾಯಿಗೆ ಏರಿಸಲಾಯಿತು. ಆದರೂ ಅಣೆಕಟ್ಟಿನ ಬಗ್ಗೆ ಎರಡು ರಾಜ್ಯಗಳ ನಡುವಣ ವ್ಯಾಜ್ಯ ತೀರಿಲ್ಲ. ಒಂದು ಕಡೆ ಅಗ್ಗವಾಗಿ ಸಿಕ್ಕಿದುದಕ್ಕೆ ಇನ್ನೊಂದು ಕಡೆ ಯಾರಾದರೂ ಲೆಕ್ಕ ಕೇಳದೆ ಬಿಡುವುದಿಲ್ಲ.

ಇದೇ ಕಾಲಕ್ಕೆ ಮಲೆಯ ಮೇಲೆ ಮೂರನೆಯ ಬಗೆಯ ಅಗ್ಗದ ಕಥೆಯೂ ಮೊದಲಾಯಿತು. 1877ರಲ್ಲಿ ಜಾನ್ ಡೇನಿಯಲ್ ಮನ್ರೋ ಎಂಬವನು ಪೂಂಜಾರಿನ ಒಡೆಯನಿಂದ ಕಣ್ಣನ್ ದೇವನ್ ಮಲೆಗಳನ್ನು ಪಡೆದುಕೊಂಡನು. ಸಿಂಕೋನ, ಕಾಫಿ ಮೊದಲಾದುವನ್ನು ಪರೀಕ್ಷಿಸಿ, ಕೊನೆಗೆ ತೋಟಗಾರರು ಚಹದಲ್ಲಿ ನೆಲೆ ಕಂಡರು. ಭೂಮಿಯೇನೋ ಅಗ್ಗವಾಗಿ ಸಿಕ್ಕಿತು. ಆದರೆ ಆ ಕಾಡಿನಲ್ಲಿ ದುಡಿಯುವವರು ಯಾರು? ಮಧುರೆ, ತಿರುನೆಲ್ವೇಲಿ ಬಯಲುಗಳಲ್ಲಿ ಕ್ಷಾಮದಿಂದ ಬಸವಳಿದ, ಭೂಮಿಯಿಲ್ಲದ ಜನರಿದ್ದರು. ಕಂಗಾಣಿಯೆಂಬ ಮೇಸ್ತ್ರಿ ಮುಂಗಡ ಹಣ ಕೊಟ್ಟು ಅವರನ್ನು ತಂಡವಾಗಿ ಕರೆದೊಯ್ಯುತ್ತಿದ್ದನು. ಕೂಲಿಯಾಳು ಮಲೆಯೇರುವ ಮೊದಲೇ ಸಾಲಗಾರನಾಗಿರುತ್ತಿದ್ದನು. ಇದೇ ಬಗೆಯಲ್ಲಿ ಇನ್ನೂ ಅಸಂಖ್ಯ ಜನ ಸಿಂಹಳದ ತೋಟಗಳಿಗೆ ಹೋದರು. ಅವರ ಮೊಮ್ಮಕ್ಕಳಲ್ಲಿ ಹಲವರು, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇರೆಗೆ, ತಾವು ಕಂಡೇ ಇರದ ‘ಸ್ವದೇಶ’ಕ್ಕೆ ಹಿಂದಿರುಗಬೇಕಾಯಿತು. ಮಲೆಯ ಚಹ ಟಾಪ್ ಸ್ಟೇಷನ್ನಿನಿಂದ ಹಗ್ಗದ ದಾರಿಯಲ್ಲಿ ಕೊಟ್ಟಗುಡಿಗೆ ಇಳಿದು ಬೋಡಿನಾಯಕನೂರಿಗೆ ಬರುತ್ತಿತ್ತು. 1928ರಲ್ಲಿ ಆ ಊರಿಗೆ ರೈಲೂ ಬಂದು, ಬೋಡಿಯು ಏಲಕ್ಕಿ ವ್ಯಾಪಾರದ ದೊಡ್ಡ ಕೇಂದ್ರವಾಯಿತು.

ಇನ್ನು ಗಿರಣಿಗಳ ವಿಷಯ. ಹತ್ತಿಯ ಗಿರಣಿಯಷ್ಟು ಸಂಚಾರಶೀಲವಾದ ಉದ್ಯಮ ಬೇರೊಂದಿಲ್ಲ. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಬೆಳೆದ ಈ ಉದ್ಯಮವು 1850ರ ದಶಕದಲ್ಲಿ ಮುಂಬಯಿಯಲ್ಲಿ ತಲೆಯೆತ್ತಿತು; ಅಮೆರಿಕದಲ್ಲಿ ಉತ್ತರದ ನ್ಯೂ ಇಂಗ್ಲೆಂಡನ್ನು ಬಿಟ್ಟು ಕೂಲಿ ಕಡಮೆಯಾದ ದಕ್ಷಿಣದ ಕೆರೋಲಿನಾ ಸೀಮೆಗೆ ಹೋಯಿತು. ನಮ್ಮ ದಕ್ಷಿಣದಲ್ಲಿ ಹಾರ್ವೆ ಸಹೋದರರು 1880ರ ದಶಕದಲ್ಲಿ ಪಾಪನಾಶದ ಜಲಪಾತದ ಬಲವನ್ನು ನೆಚ್ಚಿ ಗಿರಣಿ ಕಟ್ಟಿದರು. ಅನಂತರ ಮಧುರೆಯಲ್ಲಿ ಕಟ್ಟಿದರು. 1932ರಲ್ಲಿ ಪೈಕಾರಾ ವಿದ್ಯುಚ್ಛಕ್ತಿ ಹರಿದೊಡನೆ ಕೊಯಮತ್ತೂರಿನಲ್ಲಿ ಗಿರಣಿಗಳು ಅಣಬೆಗಳಂತೆ ಎದ್ದುವು. ಮುಂಬಯಿಯಲ್ಲಿ ಭೂಮಿ ದುಬಾರಿಯಾಗಿತ್ತು, ಯಂತ್ರಗಳು ಹಳೆಯವಾಗಿದ್ದುವು, ಸಂಘಟಿತ ಕಾರ್ಮಿಕರು ನ್ಯಾಯವಾದ ಕೂಲಿ ಕೇಳುತ್ತಿದ್ದರು. 1982ರ ಜನವರಿ 18ರಂದು ಅಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಮೊದಲಾದ ಮೇಲೆ ಎಷ್ಟೋ ಗಿರಣಿಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಕೆಲಸ ಮಾತ್ರ ಮಾಯವಾಗಲಿಲ್ಲ. ಸಣ್ಣ ಊರುಗಳನ್ನು ಅರಸಿ ಹೋಯಿತು.

ಹಾಗೆ ಅದು ಅರಸಿದ ಸ್ಥಳಗಳಲ್ಲಿ ದಿಂಡಿಗಲ್ಲೂ ತೇನಿಯೂ ಸೇರಿದುವು. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಭೂಮಿಗೂ ಕೂಲಿಗೂ ಬೆಲೆ ಏರಿದಂತೆ, ವೇಡಸಂದೂರಿನಂತಹ ಮಳೆ ಕಡಮೆಯಾದ ತಾಲ್ಲೂಕುಗಳಲ್ಲಿ ನೂಲಿನ ಗಿರಣಿಗಳು ಸಾಲುಗಟ್ಟಿದುವು. ಬೇಸಾಯ ಕೈಹಿಡಿಯದ ಹಳ್ಳಿಗಳಲ್ಲಿ ಕೂಲಿಯಾಳು ಸುಲಭವಾಗಿ ಸಿಕ್ಕಿದನು. ಆಳಿಗಿಂತಲೂ ಸುಲಭವಾಗಿ ಬಡವರ ಮನೆಯ ಹೆಣ್ಣುಮಕ್ಕಳು ಸಿಕ್ಕಿದರು. ‘ಸುಮಂಗಲಿ’ ಎಂಬ ಮಂಗಳಕರವಾದ ಹೆಸರಿನ ಒಂದು ಪದ್ಧತಿ ಈ ಗಿರಣಿಗಳಲ್ಲಿ ಹಬ್ಬಿತು. ಹದಿಹರೆಯದ ಹುಡುಗಿಯರನ್ನು ಕಲಿಕೆಯವರೆಂದು ಹೆಸರಿಸಿ ಮೂರು ವರ್ಷ ಗಿರಣಿಯ ವಸತಿಗೃಹದಲ್ಲಿಟ್ಟುಕೊಂಡು ದುಡಿಸುವುದು, ದಿನಗೂಲಿಯಲ್ಲಿ ಸ್ವಲ್ಪ ಕೊಟ್ಟು ಉಳಿದುದನ್ನು ಅವಧಿಯ ಕೊನೆಗೆ ಮದುವೆಯ ಖರ್ಚಿಗೆಂದು ಇಡಿಯಾಗಿ ಕೊಡುವುದು ಇದರ ಕ್ರಮ. ವರದಕ್ಷಿಣೆಯನ್ನು 1961ರಲ್ಲಿಯೇ ಕಾನೂನು ನಿಷೇಧಿಸಿತ್ತು. ಆದರೆ ವರದಕ್ಷಿಣೆಯ ಭಯವೇ ಗಿರಣಿಗೆ ಕೂಲಿಯಾಳನ್ನು ತಂದುಕೊಟ್ಟಿತು. ಕಾಯಿಲೆಯಾಗಿ ನಡುವೆ ಬಿಟ್ಟ ಹುಡುಗಿಗೆ ಆ ಮೊತ್ತ ಕೈತಪ್ಪುತ್ತಿತ್ತೆಂದು ದೂರುಗಳು ಬಂದು, ವಿಷಯ ಸರಕಾರದವರೆಗೂ ನ್ಯಾಯಾಲಯದವರೆಗೂ ಹೋಯಿತು. ಇಂತಹ ನೂಲಿನ ಅಗ್ಗಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ಬಿಡಿಸಿ ಹೇಳಬೇಕೆ?

ನೆಲವೂ ಬೆಲೆ ತೆತ್ತಿದೆ. ದಿಂಡಿಗಲ್ಲಿನ ಚರ್ಮ ಹದಮಾಡುವ ಕಾರ್ಖಾನೆಗಳು ಬಹಳ ಕಾಲದಿಂದ ಹೆಸರಾದುವು. ಹೊರದೇಶಗಳಲ್ಲಿ ಕೊಳೆನೀರಿನ ಕಟ್ಟಳೆಗಳು ಬಿಗಿಯಾದಂತೆಲ್ಲ ಹದಮಾಡುವ ಕೆಲಸ ನಮ್ಮಂತಹ ದೇಶಗಳ ಪಾಲಿಗೆ ಹೆಚ್ಚು ಹೆಚ್ಚಾಗಿ ಬಂತು. ಕಾರ್ಖಾನೆಗಳ ಸುತ್ತಣ ಹಳ್ಳಿಗಳಲ್ಲಿ ಬಾವಿಯ ನೀರು ಉಪ್ಪಾಗಿ, ಕುಡಿಯಲೂ ಬೇಸಾಯಕ್ಕೂ ಬಾರದಾಯಿತು. ಚರ್ಮದ ಬೆಲೆಯಲ್ಲಿ ಈ ಬಾವಿಗಳ ಬೆಲೆ ಸೇರಿರಲಿಲ್ಲ. ಸೇರಿದ್ದರೆ ಆ ಚರ್ಮ ಅಷ್ಟು ಅಗ್ಗವಾಗುತ್ತಿತ್ತೆ?

ಅಗ್ಗದ ಊರು ಸದಾ ಅಗ್ಗದ ಊರಾಗಿ ಉಳಿಯುವುದಿಲ್ಲವೆಂಬುದಕ್ಕೂ ದಿಂಡಿಗಲ್ಲೇ ಸಾಕ್ಷಿ. ಅಲ್ಲಿಯ ಬೀಗದ ಕೀರ್ತಿ ನಾಡಿಗೆಲ್ಲ ತಿಳಿದದ್ದು. ಒಂದೊಂದು ಬೀಗವನ್ನೂ ಕಮ್ಮಾರನು ಕೈಯಿಂದ ಅರೆದು ಜೋಡಿಸುತ್ತಾನೆ; ಒಂದರ ಕೀಲಿ ಇನ್ನೊಂದಕ್ಕೆ ಹೊಂದದು. ಆದರೆ ಉತ್ತರದ ಅಲಿಘಡದಿಂದ ಯಂತ್ರದಲ್ಲಿ ತಯಾರಾದ ಕಡಮೆ ಬೆಲೆಯ ಬೀಗಗಳು ಬಂದು ಸಂತೆಯನ್ನು ಹಿಡಿದುವು. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಾಗ, ಅದನ್ನು ಮಾಡಬಲ್ಲ ಕೈಗಳು ಹಿಂದಿಗಿಂತ ಎಷ್ಟೋ ಕಡಮೆಯಾಗಿದ್ದುವು. ಗಿರಣಿಗಳಲ್ಲಿಯೂ ಇದೇ ಕ್ರಮ. ಸುತ್ತಲ ಹಳ್ಳಿಯ ಹುಡುಗಿಯರು ಶಾಲೆ ಕಲಿತು, ಬೇರೆ ಕೆಲಸ ಕಂಡು, ಹಳೆಯ ಕೂಲಿಗೆ ಒಪ್ಪದೆ ಹೋದಾಗ, ಒಡಿಶಾ, ಬಿಹಾರ, ಜಾರ್ಖಂಡಗಳಿಂದ ಆಳುಗಳನ್ನು ಕರೆತರುವುದು ಮೊದಲಾಯಿತು. ಅಗ್ಗವನ್ನರಸಿ ಗಿರಣಿ ದಿಂಡಿಗಲ್ಲಿಗೆ ಬಂದಿತ್ತು. ಆ ಅಗ್ಗ ತೀರಿದ ಮೇಲೆ ಗಿರಣಿ ಇದ್ದಲ್ಲಿಗೇ ಇನ್ನೊಂದು ಬಡ ಸೀಮೆಯ ಅಗ್ಗವನ್ನು ರೈಲಿನಲ್ಲಿ ತರಿಸಿಕೊಂಡಿತು.

ಇಲ್ಲಿ ಒಂದು ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಉದ್ಯಮವೂ ದುಡಿಮೆಗಾರನೂ ಒಂದೇ ಲೆಕ್ಕವನ್ನು ಎರಡು ತುದಿಗಳಿಂದ ಮಾಡುತ್ತಾರೆ. ಉದ್ಯಮವು ಕೂಲಿ ಕಡಮೆಯಿರುವ ಊರಿಗೆ ಹೋಗುತ್ತದೆ. ದುಡಿಮೆಗಾರನು ಕೂಲಿ ಹೆಚ್ಚಿರುವ ಊರಿಗೆ ಹೋಗುತ್ತಾನೆ, ಸಾಧ್ಯವಾದರೆ ವಾಸವನ್ನು ಮಾತ್ರ ಖರ್ಚು ಕಡಮೆಯಿರುವಲ್ಲಿ ಇಟ್ಟುಕೊಳ್ಳುತ್ತಾನೆ. ಕಂಬಂ, ಗೂಡಲೂರು, ಬೋಡಿಗಳಿಂದ ಮುಂಜಾನೆ ಜೀಪುಗಳಲ್ಲಿ ತುಂಬಿಕೊಂಡು, ಕಂಬಂ ಮೆಟ್ಟು, ಕುಮಳಿ, ಬೋಡಿಮೆಟ್ಟುಗಳ ಘಟ್ಟವನ್ನೇರಿ ಕೇರಳದ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆಗೆ ಮರಳುವ ಹೆಂಗಸರನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮಲೆಯ ಮೇಲೆ ಕೂಲಿ ಹೆಚ್ಚು. ಕಣಿವೆಯಲ್ಲಿ ಅಕ್ಕಿ ತರಕಾರಿ ಸುಲಭ, ಮನೆ ಸ್ವಂತದ್ದು. ನೂರು ವರ್ಷಗಳ ಹಿಂದೆ ಕಂಗಾಣಿಯ ಸಾಲದಲ್ಲಿ ಸಿಕ್ಕಿ ಮಲೆಯೇರಿದವರಿಗೂ ಇವರಿಗೂ ಭೇದವಿದೆ: ಇವರು ಸಂಜೆ ಮನೆಗೆ ಮರಳಬಲ್ಲರು, ನಾಳೆ ಬರಲೊಲ್ಲೆವೆಂದು ಹೇಳಬಲ್ಲರು. ಹೋಗುವ ಸ್ವಾತಂತ್ರ್ಯದಷ್ಟೇ ಹೋಗದಿರುವ ಸ್ವಾತಂತ್ರ್ಯವೂ ಮುಖ್ಯ.

ಆ ಸ್ವಾತಂತ್ರ್ಯ ತಾನಾಗಿ ಬರುವುದಿಲ್ಲ. 2022ರಲ್ಲಿ ದಿಂಡಿಗಲ್ ಸೀಮೆಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ವಿಷಯದಲ್ಲಿ, ಹೆಂಗಸರೇ ಮುಂದಾಳುಗಳಾದ ಒಂದು ಕಾರ್ಮಿಕ ಸಂಘವು ಉಡುಪು ತಯಾರಿಸುವವರೊಡನೆಯೂ ಅದನ್ನು ಕೊಳ್ಳುವ ವಿದೇಶೀ ವ್ಯಾಪಾರಸ್ಥರೊಡನೆಯೂ ಕರಾರು ಮಾಡಿಕೊಂಡಿತು. ಕೆಲಸದ ಸ್ಥಳದಲ್ಲಿ ಹೆಣ್ಣಿನ ಮಾನಪ್ರಾಣಗಳ ರಕ್ಷಣೆಗೆ ಮಾಲಿಕನಷ್ಟೇ ಕೊಳ್ಳುವವನೂ ಹೊಣೆಯೆಂದು ಒಪ್ಪಿಸಿದ ಈ ಕರಾರು, ‘ದಿಂಡಿಗಲ್ ಒಪ್ಪಂದ’ವೆಂಬ ಹೆಸರಿನಿಂದ ಹೊರದೇಶಗಳಲ್ಲಿಯೂ ಪ್ರಸಿದ್ಧವಾಯಿತು. ಒಬ್ಬ ಯುವತಿಯ ಪ್ರಾಣಹಾನಿಯಾದ ಮೇಲೆಯೇ ಅದು ಬಂತೆಂಬುದು ದುಃಖದ ಸಂಗತಿ.

ಗಡಿನಾಡಿನವರಾದ ನಮಗೆ ಇದೆಲ್ಲ ಪರರ ಕಥೆಯಲ್ಲ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೊಸೂರಿನಲ್ಲಿ, ತಮಿಳುನಾಡು ಸರಕಾರ 1971ರಲ್ಲಿ ಸ್ಥಾಪಿಸಿದ ಸಿಪ್ಕಾಟ್ ಸಂಸ್ಥೆಯು ಭೂಮಿಯನ್ನೂ ಸೌಕರ್ಯಗಳನ್ನೂ ಒದಗಿಸಿ ಉದ್ಯಮಗಳನ್ನು ಕರೆಯಿತು. ನಗರದ ಸಮೀಪ, ಆದರೆ ನಗರದ ಖರ್ಚಿಲ್ಲ ಎಂಬ ಲೆಕ್ಕದಿಂದ ಕಾರ್ಖಾನೆಗಳು ಬಂದುವು. ಗಡಿಯ ಹಳ್ಳಿಗಳಿಗೆ ನಾಳೆ ಇನ್ನೂ ಬರಬಹುದು. ಬಾರದ ಹಳ್ಳಿಗಳಿಂದ ನಮ್ಮ ಮಕ್ಕಳೇ ಅವುಗಳನ್ನು ಅರಸಿ ಹೋಗುತ್ತಾರೆ. ಬರುವುದನ್ನೂ ಹೋಗುವುದನ್ನೂ ತಡೆಯಲಾಗದು; ತಡೆಯಬೇಕೆಂಬುದೂ ವಿವೇಕವಲ್ಲ. ಕಾರ್ಖಾನೆ ಬಂದಾಗ ನಾವು ಕೇಳಬೇಕಾದುದು ಇಷ್ಟು: ಇದು ನಮ್ಮ ಊರನ್ನು ಯಾವ ಅಗ್ಗಕ್ಕಾಗಿ ಆರಿಸಿತು? ರಸ್ತೆಗಾಗಿಯೆ, ವಿದ್ಯುತ್ತಿಗಾಗಿಯೆ, ನಮ್ಮ ಹುಡುಗರ ಕೈಚಳಕಕ್ಕಾಗಿಯೆ, ಅಥವಾ ನಾವು ಬಾಯಿ ತೆರೆಯುವುದಿಲ್ಲವೆಂಬ ನಂಬಿಕೆಯಿಂದಲೆ? ಮೊದಲಿನವುಗಳಿಗಾಗಿ ಬಂದುದು ನೆಲೆ ನಿಲ್ಲುತ್ತದೆ, ಊರನ್ನು ಬೆಳೆಸುತ್ತದೆ. ಕೊನೆಯದಕ್ಕಾಗಿ ಬಂದುದು ನಮಗಿಂತ ಮೌನವಾದ ಊರು ಸಿಕ್ಕಿದ ದಿನ ಹೊರಟುಹೋಗುತ್ತದೆ.

ಹೊರಗೆ ಹೋಗುವ ಮಕ್ಕಳ ವಿಷಯದಲ್ಲಿ ಕಂಬಂ ಕಣಿವೆಯ ಒಕ್ಕಲಿಗರೇ ನಮಗೆ ಪಾಠ. ಅವರು ಕೂಡಿ ಹೋದುದರಿಂದ ನುಡಿ ಉಳಿಯಿತು. ಈ ಕಾಲದ ಕೆಲಸಗಾರನು ಒಬ್ಬೊಬ್ಬನಾಗಿ ಹೋಗುತ್ತಾನೆ. ವಸತಿಗೃಹದ ಒಂದು ಹಾಸಿಗೆಯಷ್ಟೇ ಅವನ ಪಾಲಿನ ನೆಲ. ಅಲ್ಲಿ ಕನ್ನಡವೂ ಉಳಿಯುವುದು ಕಷ್ಟ, ಕೂಲಿಗಾಗಿ ಒಕ್ಕೊರಲಿನಿಂದ ಕೇಳುವುದೂ ಕಷ್ಟ. ನಮ್ಮ ಶಾಲೆಗಳಲ್ಲಿ ಕಲಿತ ಮಕ್ಕಳು ಯಾವ ಊರಿಗೆ, ಯಾವ ಕೆಲಸಕ್ಕೆ ಹೋಗಿದ್ದಾರೆಂಬ ಪಟ್ಟಿಯೊಂದನ್ನು ನಮ್ಮ ಸಂಘಗಳು ಇಟ್ಟುಕೊಂಡು, ಆಯಾ ಊರಿನಲ್ಲಿ ಅವರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸಿದರೆ ಅದು ಸಣ್ಣ ಕೆಲಸವಾದರೂ ಸಾರ್ಥಕವಾದ ಕೆಲಸ. ಹೊರಟವನ ಜೊತೆಗೆ ಇನ್ನಿಬ್ಬರು ಇದ್ದರೆ ಅವನನ್ನು ಅಗ್ಗವಾಗಿ ಕೊಳ್ಳುವುದು ಅಷ್ಟು ಸುಲಭವಲ್ಲ.